ಮನಸ್ಸು ಬಿಚ್ಚಿ ಮಾತಾಡು, ಆದರೆ ಇಂಗ್ಲಿಷಿನಲ್ಲಿ

ವರ್ತಕ ನಗರದ ಇಂಗ್ಲಿಷ್ ಮಾಧ್ಯಮ ಶಾಲೆಗಳಲ್ಲಿ ಓಪನ್ ಹೌಸ್ ಎಂದರೆ ಅಪ್ಪ ಅಮ್ಮ ಅರ್ಧ ದಿನ ರಜೆ ಹಾಕಿ, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿಕೊಂಡು ಕೂತು, ಟೀಚರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ದಿನ. ಟೀಚರ್ ಒಳ್ಳೆಯವರೇ. ತರಗತಿ ತುಂಬ ಮಕ್ಕಳಿದ್ದರೂ ಈ ಹುಡುಗಿ ಬಾಯಿ ಬಿಡುತ್ತಿಲ್ಲ ಎಂಬುದನ್ನು ಗಮನಿಸಿರುತ್ತಾರೆ. ‘ಕಾನ್ಫಿಡೆನ್ಸ್ ಕಮ್ಮಿ’ ಎನ್ನುತ್ತಾರೆ. ಆಮೇಲೆ ಎರಡು ಸಲಹೆ ಒಂದೇ ಉಸಿರಿನಲ್ಲಿ ಬರುತ್ತವೆ. ದಿನಾ ರಾತ್ರಿ ಹತ್ತು ನಿಮಿಷ ಮಗಳ ಹತ್ತಿರ ಕೂತು ಅವಳ ಫೀಲಿಂಗ್ಸ್ ಬಗ್ಗೆ ಮಾತಾಡಿ. ಮತ್ತೆ, ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತಾಡಿ.

ಈ ಎರಡನ್ನೂ ಒಟ್ಟಿಗೆ ಪಾಲಿಸಲು ಆಗುವುದಿಲ್ಲ.

ಆ ಬೆಂಚಿನ ಮೇಲೆ ಕೂತವರು ಯಾರೆಂದು ನೋಡಿ. ಅಮ್ಮ ಕುಂದಾಪುರದ ಕಡೆಯವರು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಕಾಂ, ಮದುವೆಯಾಗಿ ಥಾಣೆ. ಅಪ್ಪನದೂ ಹೆಚ್ಚುಕಮ್ಮಿ ಅದೇ ಕತೆ. ಅವರಿಗೆ ಇಂಗ್ಲಿಷ್ ಬರುತ್ತದೆ: ಬ್ಯಾಂಕಿನ ಫಾರ್ಮು ತುಂಬುವಷ್ಟು, ಆಫೀಸಿನ ಮೇಲ್ ಬರೆಯುವಷ್ಟು, ಸೊಸೈಟಿ ಮೀಟಿಂಗಿನಲ್ಲಿ ನೀರಿನ ಬಿಲ್ಲಿನ ಬಗ್ಗೆ ಜಗಳವಾಡುವಷ್ಟು. ಏಳು ವರ್ಷದ ಮಗಳು ‘ನನ್ನ ಜೊತೆ ಯಾರೂ ಟಿಫಿನ್ ತಿನ್ನಲ್ಲ’ ಎಂದರೆ ಉತ್ತರ ಕೊಡುವಷ್ಟು ಬರುವುದಿಲ್ಲ. ಅಷ್ಟು ಬರುವುದಕ್ಕೆ ಆ ಭಾಷೆಯಲ್ಲಿ ಅಮ್ಮನೂ ಒಮ್ಮೆ ಏಳು ವರ್ಷದವಳಾಗಿರಬೇಕು, ಆ ಭಾಷೆಯಲ್ಲಿ ಯಾರಾದರೂ ಆಕೆಯ ಕಣ್ಣೊರೆಸಿರಬೇಕು. ಹಾಗಾಗಿ ಆಕೆಯ ಬಾಯಿಂದ ಹೊರಡುವುದು ‘ಡೋಂಟ್ ವರಿ, ಬಿ ಬ್ರೇವ್’. ಟಿ-ಶರ್ಟಿನ ಮೇಲೆ ಅಚ್ಚು ಹಾಕಿಸುವಂಥ ಮಾತು. ಹತ್ತು ನಿಮಿಷದಲ್ಲಿ ಒಂಬತ್ತು ಇನ್ನೂ ಬಾಕಿ.

ವರ್ತಕ ನಗರ ನೋಡಿಲ್ಲದವರಿಗೆ ಸ್ವಲ್ಪ ಹೇಳಬೇಕು. ಥಾಣೆ ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಬಂದರೆ ಪೋಖರಣ್ ರಸ್ತೆಗೆ ಅಂಟಿಕೊಂಡಿರುವ ಬಡಾವಣೆ. ಮ್ಹಾಡಾದ ಹಳೇ ಕಟ್ಟಡಗಳು, ಅವನ್ನು ಕೆಡವಿ ಎದ್ದ ಹೊಸವು, ಅನತಿ ದೂರದಲ್ಲಿ ರೇಮಂಡ್ ಕಾರ್ಖಾನೆಯಿದ್ದ ಜಾಗದಲ್ಲಿ ನಿಂತ ಟವರುಗಳು. ಮೆಟ್ಟಿಲ ಮೇಲೆ ಮರಾಠಿ, ಅಂಗಡಿಯಲ್ಲಿ ಹಿಂದಿ, ಬಾಗಿಲು ಮುಚ್ಚಿದ ಮೇಲೆ ಕನ್ನಡವೋ ತುಳುವೋ ಕೊಂಕಣಿಯೋ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯೆಂದು ಬರೆಸಿದವರು ಇಡೀ ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ. ಅವರಲ್ಲಿ ಬಹಳಷ್ಟು ಜನ ಸೊಲ್ಲಾಪುರ, ಸಾಂಗ್ಲಿಯಂಥ ಗಡಿ ಜಿಲ್ಲೆಗಳವರು. ಮುಂಬಯಿ, ಥಾಣೆಯ ಕನ್ನಡದ ಮಗುವಿಗೆ ಕನ್ನಡ ಕೇಳಿಸುವುದು ಮನೆಯೊಳಗೆ ಮಾತ್ರ. ಅಲ್ಲಿ ನಿಂತರೆ ನಿಂತೇ ಹೋಯಿತು. ಬೆಂಗಳೂರಿನ ಮಗುವಿಗಿರುವಂತೆ ಬಸ್ಸಿನ ಬೋರ್ಡು, ತರಕಾರಿ ಗಾಡಿ, ಪಕ್ಕದ ಮನೆಯ ಟಿವಿ ಇಲ್ಲಿ ನೆರವಿಗೆ ಬರುವುದಿಲ್ಲ.

1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಥಾಣೆಯಲ್ಲಿ. ಆ 34 ಕಿಲೋಮೀಟರಿನ ದಾರಿಯಲ್ಲೇ ಇವತ್ತೂ ಇಲ್ಲಿನ ಅಪ್ಪ ಅಮ್ಮಂದಿರ ದಿನದ ಎರಡು ಮೂರು ಗಂಟೆ ಸವೆಯುತ್ತದೆ. ರಾತ್ರಿ ಎಂಟೂವರೆಗೆ ಮನೆ ಸೇರಿ, ಕುಕ್ಕರ್ ಇಟ್ಟು, ಹೋಮ್‌ವರ್ಕ್ ಮುಗಿಸಿ, ಆಮೇಲೆ ‘ಕ್ವಾಲಿಟಿ ಟೈಮ್’. ಆದರೆ ಮಗುವಿನ ದುಃಖ ಎಂಟೂವರೆಯವರೆಗೆ ಕಾಯುವುದಿಲ್ಲ. ಅದು ಮಧ್ಯಾಹ್ನ ಒಂದೂವರೆಗೆ ಶಾಲಾ ಬಸ್ಸಿನಿಂದ ಇಳಿದು, ಚೀಲ ಎಸೆದು, ಶೂ ಬಿಚ್ಚುವ ಮೊದಲೇ ಹೊರಗೆ ಬರುತ್ತದೆ. ಆಗ ಮನೆಯಲ್ಲಿರುವುದು ಊರಿಂದ ಬಂದ ಅಜ್ಜಿ. ಇಲ್ಲದಿದ್ದರೆ ಪಾಳಣಾಘರದ ಮಾವಶಿ.

ಮನೆಯಲ್ಲಿ ಇಂಗ್ಲಿಷೇ ಎಂಬ ನಿಯಮ ಬಂದ ದಿನ ಮೊದಲು ಮುಚ್ಚುವುದು ಆ ಅಜ್ಜಿಯ ಬಾಯಿ. ‘ಎಂತಾಯ್ತ್ ಮಗಾ’ ಎಂದು ಕೇಳುವುದಕ್ಕೂ ಅವರು ಸೊಸೆಯ ಮುಖ ನೋಡಬೇಕು. ಮಗುವಿನ ಮಾನಸಿಕ ಆರೋಗ್ಯಕ್ಕೆಂದು ಕೊಟ್ಟ ಸಲಹೆ, ದಿನದಲ್ಲಿ ಆರು ಗಂಟೆ ಮಗುವಿನ ಜೊತೆಗಿರುವ ಒಬ್ಬ ಮನುಷ್ಯರನ್ನು ಮನೆಯ ಪೀಠೋಪಕರಣ ಮಾಡಿ ಕೂರಿಸುತ್ತದೆ. ಮಾವಶಿಗೆ ಈ ತೊಂದರೆಯಿಲ್ಲ. ಅವರು ತಮ್ಮ ಪಾಡಿಗೆ ಮರಾಠಿಯಲ್ಲಿ ಗದರಿ, ಮರಾಠಿಯಲ್ಲಿ ಮುದ್ದಿಸಿ, ಮಗುವಿಗೆ ಇನ್ನೊಂದು ಭಾಷೆಯಲ್ಲಿ ಇನ್ನೊಬ್ಬ ತಾಯಿಯಾಗುತ್ತಾರೆ. ಇಂಥ ಮನೆಗಳಲ್ಲಿ ಎಷ್ಟೋ ಸಲ ಮಗುವಿಗೆ ಅತ್ತುಕೊಳ್ಳಲು ಉಳಿದಿರುವ ಭಾಷೆ ಮರಾಠಿಯೊಂದೇ. ಅದಕ್ಕೆ ಕನ್ನಡಿಗರು ಕೈಮುಗಿಯಬೇಕು.

ಸಲಹೆಗಳ ಮೂಲ ಹುಡುಕಿದರೆ ದೂರ ಹೋಗಬೇಕಾಗುತ್ತದೆ. 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಾನ್ ವಾಸ್ಕಾನ್ಸೆಲೋಸ್ ಎಂಬ ಶಾಸಕ ಸ್ವಾಭಿಮಾನ ಬೆಳೆಸುವುದಕ್ಕೆಂದೇ ಒಂದು ಸರ್ಕಾರಿ ಕಾರ್ಯಪಡೆ ಮಾಡಿಸಿದರು. ಜನರಿಗೆ ತಮ್ಮ ಬಗ್ಗೆ ತಮಗೇ ಒಳ್ಳೆಯ ಅಭಿಪ್ರಾಯ ಬಂದುಬಿಟ್ಟರೆ ಅಪರಾಧ, ಮಾದಕ ವ್ಯಸನ, ಶಾಲೆಯ ಸೋಲು ಎಲ್ಲ ಇಳಿಯುತ್ತವೆ ಎಂಬ ನಂಬಿಕೆ. 1990ರಲ್ಲಿ ವರದಿ ಬಂತು, ಶಾಲೆಗಳಲ್ಲಿ ಹೊಗಳಿಕೆಯ ಮಳೆ ಶುರುವಾಯಿತು. 2003ರಲ್ಲಿ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ನೋಡಿದರೆ, ಸ್ವಾಭಿಮಾನ ಹೆಚ್ಚಿಸಿದ್ದರಿಂದ ಓದು ಸುಧಾರಿಸಿತು ಎನ್ನಲು ಆಧಾರವೇ ಸಿಗಲಿಲ್ಲ. 2014ರಲ್ಲಿ ಎಡ್ಡಿ ಬ್ರುಮೆಲ್‌ಮನ್ ತಂಡ ತೋರಿಸಿದ್ದು ಇನ್ನೂ ವಿಚಿತ್ರ: ತನ್ನ ಬಗ್ಗೆ ಅಳುಕಿರುವ ಮಗುವಿನ ಚಿತ್ರವನ್ನು ‘ಅದ್ಭುತ’ ಎಂದು ಉಬ್ಬಿಸಿ ಹೊಗಳಿದರೆ, ಆ ಮಗು ಮುಂದಿನ ಸಲ ಕಷ್ಟದ ಚಿತ್ರ ಬಿಟ್ಟು ಸುಲಭದ್ದನ್ನೇ ಆರಿಸಿಕೊಳ್ಳುತ್ತದೆ. ಅಮೆರಿಕದವರು ಕೈಸುಟ್ಟುಕೊಂಡು ಪಾಠ ಕಲಿತರು. ಅವರು ಬಿಟ್ಟ ಹಳೇ ಔಷಧಿ ಇಲ್ಲಿ ಇನ್ನೂ ಹೊಸ ಲೇಬಲ್ಲಿನಲ್ಲಿ ಮಾರಾಟವಾಗುತ್ತಿದೆ.

ಅದು ಮನೆಯೊಳಗೆ ಬಂದಾಗ ಆಗುವ ಒಂದು ವಿಚಿತ್ರವನ್ನು ಗಮನಿಸಿ. ಹೊಗಳಿಕೆ ಇಂಗ್ಲಿಷಿನಲ್ಲಿ: ‘ಗುಡ್ ಜಾಬ್’, ‘ವೆರಿ ಗುಡ್ ಬೇಟಾ’, ‘ಪ್ರೌಡ್ ಆಫ್ ಯೂ’. ಬೈಗುಳ ಕನ್ನಡದಲ್ಲಿ. ತಾಳ್ಮೆ ಇರುವಷ್ಟು ಹೊತ್ತು ಇಂಗ್ಲಿಷ್. ತಾಳ್ಮೆ ಮುಗಿದ ಕೂಡಲೇ ‘ಬುದ್ಧಿ ಇಲ್ವಾ ನಿಂಗೆ, ಎಷ್ಟ್ ಸಲ ಹೇಳ್ಬೇಕು’. ಸಿಟ್ಟು ಯಾವಾಗಲೂ ತಾಯ್ನುಡಿಯಲ್ಲೇ ಬರುತ್ತದೆ, ಅದಕ್ಕೆ ಯಾರ ಸಲಹೆಯೂ ಬೇಡ. ಪರಿಣಾಮ ಏನೆಂದರೆ, ಮಗುವಿನ ಪಾಲಿಗೆ ಕನ್ನಡ ಏಟಿಗೆ ಮುಂಚೆ ಕೇಳಿಸುವ ಸದ್ದು. ಹತ್ತು ವರ್ಷದ ಹೊತ್ತಿಗೆ ಅದೇ ಮಗು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ. ಆಗ ಅಪ್ಪ ಅಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಕೂತು, ಈಗಿನ ಮಕ್ಕಳಿಗೆ ಭಾಷಾಭಿಮಾನವಿಲ್ಲ ಎಂದು ನಿಟ್ಟುಸಿರು ಬಿಡುತ್ತಾರೆ.

ಇನ್ನು ಆ ಫೀಲಿಂಗ್ಸ್ ಚಾರ್ಟು. ಗೋಡೆಗೆ ಅಂಟಿಸುವ ಹಾಳೆ, ಆರು ಹಳದಿ ಮುಖಗಳು: ಹ್ಯಾಪಿ, ಸ್ಯಾಡ್, ಆ್ಯಂಗ್ರಿ, ಹೀಗೆ. ಭಾವನೆಗೆ ಹೆಸರಿಟ್ಟರೆ ಅದು ಹತೋಟಿಗೆ ಸಿಗುತ್ತದೆ ಎಂಬ ತತ್ವದಲ್ಲಿ ತಪ್ಪೇನಿಲ್ಲ. ಆದರೆ ಹೆಸರುಗಳಿಗೆ ಬರ ಬಂದಿರುವುದು ಎಲ್ಲಿ? ಕನ್ನಡದ ಅಜ್ಜಿಯ ಹತ್ತಿರ ಬರೀ ಸಿಟ್ಟಿಗೇ ಎಷ್ಟು ಹೆಸರಿವೆ ನೋಡಿ. ಸಿಟ್ಟು ಯಾರ ಮೇಲಾದರೂ ಬರಬಹುದು. ಮುನಿಸು ಹಾಗಲ್ಲ, ಪ್ರೀತಿ ಇರುವಲ್ಲಿ ಮಾತ್ರ ಬರುತ್ತದೆ, ರಮಿಸಲಿ ಎಂದು ಕಾದು ಕೂರುತ್ತದೆ. ಸೆಡವು ಬೇರೆ, ಹಟ ಬೇರೆ. ರಚ್ಚೆ ಎಂದರೆ ನಿದ್ದೆಯೋ ಹಸಿವೋ ಏರಿ, ಏನು ಬೇಕೆಂದು ಮಗುವಿಗೇ ಗೊತ್ತಿಲ್ಲದೆ ಅಳುವುದು. ರಚ್ಚೆ ಹಿಡಿದ ಮಗುವಿನ ಹತ್ತಿರ ಕಾರಣ ಕೇಳಬಾರದು, ಎತ್ತಿಕೊಂಡು ಬಾಲ್ಕನಿಗೆ ಹೋಗಬೇಕು ಎಂಬುದು ಆ ಪದದೊಳಗೇ ಇದೆ. ಹಿಂಜರಿಕೆ, ಅಳುಕು, ಸಂಕೋಚ, ನಾಚಿಕೆ, ದಾಕ್ಷಿಣ್ಯ ಇವೆಲ್ಲವನ್ನೂ ಟೀಚರ್ ‘ಶೈ’ ಎಂಬ ಒಂದು ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತಾರೆ. ಆ ಮೌನದ ಹುಡುಗಿಗೆ ಇರುವುದು ಅಳುಕೋ ದಾಕ್ಷಿಣ್ಯವೋ? ಅಳುಕಾದರೆ ಧೈರ್ಯ ತುಂಬಬೇಕು. ದಾಕ್ಷಿಣ್ಯವಾದರೆ ಅದು ಕಾಯಿಲೆಯೇ ಅಲ್ಲ.

ವ್ಯಾಕರಣವನ್ನೂ ನೋಡಬಹುದು. ಇಂಗ್ಲಿಷಿನಲ್ಲಿ ಮಗು ‘ಐ ಆ್ಯಮ್ ಆ್ಯಂಗ್ರಿ’ ಎನ್ನಬೇಕು. ಕನ್ನಡದಲ್ಲಿ ‘ನಂಗೆ ಸಿಟ್ಟು ಬಂದಿದೆ’. ಸಿಟ್ಟು ಎಲ್ಲಿಂದಲೋ ಬಂದಿದೆ, ಮಗುವಿನ ಹತ್ತಿರ ಕೂತಿದೆ, ಎದ್ದು ಹೋಗಲೂಬಹುದು. ಬೇಜಾರೂ ಹಾಗೆಯೇ, ಭಯವೂ ಹಾಗೆಯೇ. ಮಗುವನ್ನೂ ಅದರ ಭಾವನೆಯನ್ನೂ ಬೇರೆಬೇರೆಯಾಗಿ ನೋಡಿ ಎಂದು ಪೇರೆಂಟಿಂಗ್ ಪುಸ್ತಕಗಳು ಪುಟಗಟ್ಟಲೆ ಬೋಧಿಸುವುದನ್ನು ಇಲ್ಲಿ ಒಂದು ಚತುರ್ಥೀ ವಿಭಕ್ತಿ ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಇದನ್ನು ಹೆಚ್ಚು ಎಳೆಯಬಾರದು. ವಿಭಕ್ತಿ ಸರಿಯಿದ್ದ ಮಾತ್ರಕ್ಕೆ ಮನಸ್ಸು ಸರಿಯಿರುತ್ತದೆ ಎಂದಿದ್ದರೆ ಕನ್ನಡ ವ್ಯಾಕರಣ ಪಂಡಿತರ ಮನೆಗಳಲ್ಲಿ ಜಗಳವೇ ಇರುತ್ತಿರಲಿಲ್ಲ. ಹೇಳಬೇಕಾದ್ದು ಇಷ್ಟೇ: ಮನೆಯಲ್ಲಿ ಆಗಲೇ ಕೆಲಸ ಮಾಡುತ್ತಿರುವ ಉಪಕರಣವನ್ನು ಕಿತ್ತಿಟ್ಟು, ಯಾರಿಗೂ ಬಳಸಲು ಬಾರದ ಇನ್ನೊಂದನ್ನು ಕೈಗೆ ಕೊಡಲಾಗುತ್ತಿದೆ.

ಎರಡು ಮೂರು ಭಾಷೆಯಾದರೆ ಮಗು ಗೊಂದಲಗೊಳ್ಳುತ್ತದೆ, ಮಾತು ತಡವಾಗುತ್ತದೆ ಎಂಬ ಭಯವನ್ನು ಟೀಚರುಗಳು ಮಾತ್ರವಲ್ಲ, ಕೆಲವು ಡಾಕ್ಟರುಗಳೂ ಹಂಚುತ್ತಾರೆ. ಇದಕ್ಕೆ ಸಂಶೋಧನೆಯ ಬೆಂಬಲವಿಲ್ಲ. ಒಡಿಶಾದ ಕೊಂಧ ಮಕ್ಕಳ ನಡುವೆ ಅಜಿತ್ ಮೊಹಾಂತಿ ವರ್ಷಗಟ್ಟಲೆ ಕೆಲಸ ಮಾಡಿದರು. ಕುಯಿ ಭಾಷೆಯನ್ನು ಉಳಿಸಿಕೊಂಡು ಒಡಿಯಾವನ್ನೂ ಕಲಿತ ಮಕ್ಕಳು, ಕುಯಿ ಕಳೆದುಕೊಂಡು ಒಡಿಯಾ ಮಾತ್ರ ಉಳಿದ ಕೊಂಧ ಮಕ್ಕಳಿಗಿಂತ ಬುದ್ಧಿಯ ಪರೀಕ್ಷೆಗಳಲ್ಲಿ ಮುಂದಿದ್ದರು. ಇತ್ತ ಕ್ಯಾಲಿಫೋರ್ನಿಯಾದ ಲಿಲಿ ವಾಂಗ್ ಫಿಲ್‌ಮೋರ್ ಅಮೆರಿಕದ ವಲಸೆ ಕುಟುಂಬಗಳ ದೊಡ್ಡ ಸಮೀಕ್ಷೆಯೊಂದನ್ನು 1991ರಲ್ಲಿ ಪ್ರಕಟಿಸಿದರು. ಶಾಲೆಗೆ ಹೋಗುವ ಮುಂಚಿನಿಂದಲೇ ಇಂಗ್ಲಿಷಿಗೆ ಬಿದ್ದ ಮಕ್ಕಳು ಮನೆಭಾಷೆ ಬಿಡುತ್ತಿದ್ದರು, ಅಪ್ಪ ಅಮ್ಮಂದಿರು ಅವರ ಹಿಂದೆ ಓಡಲಾಗದೆ ಹರಕು ಇಂಗ್ಲಿಷಿನಲ್ಲಿ ಉಳಿಯುತ್ತಿದ್ದರು. ಭಾಷೆ ಹೋದಾಗ ಜೊತೆಗೆ ಹೋದದ್ದು ಬುದ್ಧಿ ಹೇಳುವ, ಸಮಾಧಾನ ಮಾಡುವ, ತಮ್ಮ ಬದುಕಿನ ಅನುಭವ ದಾಟಿಸುವ ಶಕ್ತಿ ಎಂಬುದು ಅವರ ಆತಂಕ. ಮಕ್ಕಳು ಹರೆಯಕ್ಕೆ ಬಂದಾಗ, ಅಂದರೆ ಮಾತು ಅತಿ ಹೆಚ್ಚು ಬೇಕಾದಾಗ, ಆ ಮನೆಗಳಲ್ಲಿ ಮಾತೇ ಇರಲಿಲ್ಲ.

ಇಂಗ್ಲಿಷ್ ಬೇಡವೇ ಹಾಗಾದರೆ? ಬೇಕು. ವರ್ತಕ ನಗರದ ಬಾಡಿಗೆ ಕಟ್ಟುವವರಿಗೆ ಇಂಗ್ಲಿಷ್ ಎಂದರೆ ಸಂಬಳ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದನ್ನು ಕಲಿಸಲೆಂದೇ ಶಾಲೆ ವರ್ಷಕ್ಕೆ ಅಷ್ಟು ಫೀಸು ತೆಗೆದುಕೊಳ್ಳುತ್ತಿದೆ. ಆ ಕೆಲಸವನ್ನೂ ರಾತ್ರಿ ಎಂಟೂವರೆಯ ಅಮ್ಮನಿಗೇ ವಹಿಸುವುದಾದರೆ ಫೀಸಿನಲ್ಲಿ ರಿಯಾಯಿತಿ ಕೇಳಬಹುದು.

ಕನ್ನಡದ ಮನೆ ಮಕ್ಕಳ ಮನಸ್ಸಿನ ಸ್ವರ್ಗವಾಗಿತ್ತು ಎಂದೇನೂ ಅಲ್ಲ. ‘ಗುಮ್ಮ ಬರ್ತಾನೆ’, ‘ಪಕ್ಕದ್ಮನೆ ಹುಡುಗನ್ನ ನೋಡು’, ‘ಹೆಣ್ಣಿನ ಥರ ಅಳ್ಬೇಡ’, ‘ನಾಕು ಜನ ಏನಂತಾರೆ’: ಇವೂ ಕನ್ನಡವೇ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು, ಮಾನಸಿಕವಾಗಿ ಹಿಂಸಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿತು. ಮನೆಯೊಳಗಿನ ಬೆತ್ತಕ್ಕೆ ಕನ್ನಡದಲ್ಲಿ ಈಗಲೂ ಗಾದೆಗಳ ರಕ್ಷಣೆಯಿದೆ. ಹೊಸ ಸಲಹೆಗಳಲ್ಲಿ ಹೊಡೆಯಬೇಡಿ, ಹೋಲಿಸಬೇಡಿ, ಮಗು ಮಾತಾಡುವಾಗ ಫೋನ್ ಕೆಳಗಿಡಿ ಎಂಬ ಮೂರನ್ನು ಕಣ್ಣಿಗೊತ್ತಿಕೊಳ್ಳಬೇಕು. ಆ ಮೂರಕ್ಕೂ ಭಾಷೆ ಬದಲಿಸುವ ಅಗತ್ಯವಿಲ್ಲ.

ಅದೇ ಪೋಖರಣ್ ರಸ್ತೆಯಂಥ ರಸ್ತೆಗಳಲ್ಲಿ ಟವರು ಕಟ್ಟುವ ಜಾಗಗಳಿಗೂ ಸಲಹೆಗಳು ಹೋಗುವುದಿಲ್ಲ. ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬಯಿ ಸುತ್ತಮುತ್ತ ಗುಳೆ ಬರುವವರ ಮಕ್ಕಳು ತಗಡಿನ ಶೆಡ್ಡುಗಳಲ್ಲಿ ಬೆಳೆಯುತ್ತಾರೆ. ಅವರಿಗೆ ಹಸಿವಿದೆ, ರಕ್ತಹೀನತೆಯಿದೆ ಎಂದು ಒಪ್ಪುವವರಿಗೂ, ಅವರಿಗೊಂದು ಮನಸ್ಸಿದೆ, ಅದಕ್ಕೂ ಆರೋಗ್ಯ ಅನಾರೋಗ್ಯಗಳಿವೆ ಎಂದು ಹೊಳೆಯುವುದಿಲ್ಲ. ಆ ಶೆಡ್ಡಿನಲ್ಲಿ ತಾಯಿ ಸಿಮೆಂಟಿನ ಕೈಯಲ್ಲೇ ಮಗಳಿಗೆ ಜಡೆ ಹಾಕುತ್ತಾ ಕನ್ನಡದಲ್ಲಿ ಅದೂ ಇದೂ ಮಾತಾಡುತ್ತಾಳೆ. ಎದುರಿನ ಟವರಿನ ಹನ್ನೆರಡನೇ ಮಹಡಿಯಲ್ಲಿ ಕೌನ್ಸೆಲರಿಗೆ ದುಡ್ಡು ಕೊಟ್ಟು ಕಲಿಯುತ್ತಿರುವ ಹತ್ತು ನಿಮಿಷ ಅದೇ. ಹಾಗೆಂದು ಶೆಡ್ಡು ಮೇಲೆನ್ನುವುದು ಅಸಹ್ಯವಾಗುತ್ತದೆ. ಆ ಹುಡುಗಿಗೆ ಶಾಲೆ ಬೇಕು, ನೀರು ಬೇಕು, ಮಲಗಲು ಚಾವಣಿ ಬೇಕು. ಅವಳ ಹತ್ತಿರ ಇರುವ ಒಂದನ್ನು ಇವಳ ಹತ್ತಿರದಿಂದ ತೆಗೆಯುತ್ತಿರುವುದು ಯಾಕೆ ಎಂಬುದು ಪ್ರಶ್ನೆ.

ಓಪನ್ ಹೌಸಿನಲ್ಲಿ ಟೀಚರ್ ಬೇರೆ ಏನು ಹೇಳಬಹುದಿತ್ತು? ‘ಮನೆಯಲ್ಲಿ ಇವಳು ಯಾರ ಹತ್ತಿರ ಹೆಚ್ಚು ಮಾತಾಡುತ್ತಾಳೆ? ಯಾವ ಭಾಷೆಯಲ್ಲಿ?’ ಎಂದು ಕೇಳಬಹುದಿತ್ತು. ಅಜ್ಜಿಯ ಹತ್ತಿರ, ಕನ್ನಡದಲ್ಲಿ, ಬಾಯಿ ಮುಚ್ಚುವುದೇ ಇಲ್ಲ ಎಂಬ ಉತ್ತರ ಬರುತ್ತಿತ್ತು. ಮಾತಿಲ್ಲದ ಹುಡುಗಿ ಎಂಬ ತೀರ್ಮಾನ ಅಲ್ಲೇ ಬಿದ್ದುಹೋಗುತ್ತಿತ್ತು. ಉಳಿಯುತ್ತಿದ್ದದ್ದು ಈ ತರಗತಿಯಲ್ಲಿ ಮಾತ್ರ ಮಾತಾಡದ ಹುಡುಗಿ, ಅಂದರೆ ತರಗತಿಯ ಕಡೆಯಿಂದ ಯೋಚಿಸಬೇಕಾದ ವಿಷಯ.

ಇದನ್ನು ಕೇಳಲು ಹೊಸ ತರಬೇತಿ ಬೇಕಾಗಿಲ್ಲ. ನರ್ಸರಿಗೆ ಸೇರಿಸುವಾಗ ತುಂಬಿಸಿಕೊಂಡ ಅರ್ಜಿಯಲ್ಲಿ, ಹುಟ್ಟಿದ ದಿನಾಂಕದ ಕೆಳಗೆ, ಮಾತೃಭಾಷೆ ಎಂಬ ಕಾಲಂ ಇರುತ್ತದೆ. ಅಪ್ಪ ಅಲ್ಲಿ ‘ಕನ್ನಡ’ ಎಂದು ಬರೆದು ಸಹಿ ಹಾಕಿರುತ್ತಾರೆ. ಅರ್ಜಿ ಆಫೀಸಿನ ಕಪಾಟಿನಲ್ಲಿದೆ. ಮುಂದಿನ ಓಪನ್ ಹೌಸಿಗೆ ಮೊದಲು ಯಾರಾದರೂ ಅದನ್ನು ಒಮ್ಮೆ ಹೊರಗೆ ತೆಗೆಯಲಿ.