ಏಳು ಗಂಟೆಗೆ ಶಾಲಾ ಬಸ್ಸು, ಮದ್ರಸ ಯಾವಾಗ?

ವೈಟ್‌ಫೀಲ್ಡ್, ಇಲೆಕ್ಟ್ರಾನಿಕ್ ಸಿಟಿ, ಪೀಣ್ಯ ಕಡೆ ಉದ್ಯೋಗಕ್ಕೆ ಹೋದ ನಮ್ಮವರ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಪಕ್ಕದ ಮಸೀದಿಯಲ್ಲಿ ಉರ್ದು, ಆಡುವಲ್ಲಿ ಹಿಂದಿ. ಕನ್ನಡಕ್ಕೆ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಬಲವಿದೆ, ಸಿಬಿಎಸ್‌ಇ ಶಾಲೆಗಳೂ ಕಲಿಸಬೇಕು. ಬ್ಯಾರಿಗೆ ಮನೆ ಬಿಟ್ಟರೆ ಬೇರೆ ಜಾಗವಿಲ್ಲ.

ಊರಲ್ಲಿ ಮದ್ರಸ ಬೆಳಿಗ್ಗೆ ಏಳಕ್ಕೆ ಶುರುವಾಗಿ ಒಂಬತ್ತರೊಳಗೆ ಮುಗಿಯುತ್ತದೆ. ಅಲ್ಲಿ ಏಳಕ್ಕೆ ಶಾಲಾ ಬಸ್ಸು ಗೇಟಿನೆದುರು ನಿಂತಿರುತ್ತದೆ. ಹಾಗಾಗಿ ಮದ್ರಸ ಮಗ್ರಿಬ್ ನಂತರಕ್ಕೆ ಹೋಯಿತು, ಇಲ್ಲವೇ ಮೊಬೈಲಿಗೆ ಬಂತು. ನಾನೂ ಅಲ್ಲಿನ ಆರು ಮಕ್ಕಳಿಗೆ ರಾತ್ರಿ ಆನ್‌ಲೈನ್ ಪಾಠ ಮಾಡುತ್ತೇನೆ. ಚುರುಕು ಮಕ್ಕಳು, ತಜ್‌ವೀದ್ ಊರಿನ ಮಕ್ಕಳಿಗಿಂತ ಚೆನ್ನಾಗಿದೆ.

ಒಬ್ಬ ಹುಡುಗ ಕೇಳಿದ: "ಉಸ್ತಾದ್, ನಾವು ಸುಬ್‌ಹಿಗೆ ಕುನೂತ್ ಓದ್ತೇವೆ, ಇಲ್ಲಿಯ ಇಮಾಮ್ ಓದುದಿಲ್ಲ. ಯಾರದ್ದು ಸರಿ?" ನಾವು ಶಾಫಿಈ, ಬೆಂಗಳೂರಿನ ಉರ್ದು ಮಾತಾಡುವವರು ಹೆಚ್ಚಾಗಿ ಹನಫಿ. ಅಸರ್ ಬಾಂಗ್ ಕೂಡ ಅವರ ಲೆಕ್ಕದಲ್ಲಿ ತಡ. ಎರಡೂ ಸರಿಯೇ, ಇಬ್ಬರೂ ದೊಡ್ಡ ಇಮಾಮರು ಎಂದೆ. "ಅದೆಲ್ಲ ಅಲ್ಲಿ ಕೇಳ್ಬೇಡ" ಅಂತ ಮನೆಯಲ್ಲಿ ಅವನ ಬಾಯಿ ಮುಚ್ಚಿಸಿದ್ದರಂತೆ. ಅದು ತಪ್ಪು. ಮಗು ಕೇಳದೆ ಇದ್ದರೆ, ನಮ್ಮ ನಮಾಜಿನಲ್ಲೇ ಏನೋ ಕೊರತೆ ಅಂದುಕೊಳ್ಳುತ್ತದೆ.

ಫಿಕ್ಹ್‌ನ ಪ್ರಶ್ನೆಗೆ ಕಿತಾಬಿನಲ್ಲಿ ಉತ್ತರವಿದೆ. ನಮ್ಮ ಮೊಹಲ್ಲಾದ ಒಬ್ಬರು ಅಜ್ಜಿ ಕೇಳಿದ್ದಕ್ಕೆ ಇರಲಿಲ್ಲ. ವಿಡಿಯೊ ಕಾಲ್‌ನಲ್ಲಿ ಅವರು ಬ್ಯಾರಿಯಲ್ಲಿ ಮಾತಾಡಿದರೆ ಮೊಮ್ಮಗ ತಾಯಿಯ ಮುಖ ನೋಡುತ್ತಾನೆ, ತಾಯಿ ಇಂಗ್ಲಿಷಿನಲ್ಲಿ ಹೇಳಿಕೊಡುತ್ತಾಳೆ. "ಅವನಿಗೆ ನನ್ನ ಮೇಲೆ ಸಿಟ್ಟಾ ಉಸ್ತಾದ್?" ಅಂದರು.

ಇದಕ್ಕೆಲ್ಲ ತಾಯಂದಿರನ್ನು ದೂರುವ ಅಭ್ಯಾಸ ನಮ್ಮಲ್ಲಿದೆ. ತಂದೆ ಶಿಫ್ಟ್ ಮುಗಿಸಿ ಬರುವಾಗ ಮಗು ಮಲಗಿರುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. ಇನ್ನೊಂದು ಕಾರಣ ಹಳೆಯದು. ನಮ್ಮ ತಲೆಮಾರಿನವರನ್ನು ಶಾಲೆಯಲ್ಲಿ 'ನಕ್ಕ್ ನಿಕ್ಕ್' ಅಂತ ಹಾಸ್ಯ ಮಾಡುತ್ತಿದ್ದರು. ಆ ನಾಚಿಕೆ ಘಟ್ಟ ಹತ್ತಿ ಅಪಾರ್ಟ್‌ಮೆಂಟಿನ ಲಿಫ್ಟಿನವರೆಗೆ ಹೋಗಿದೆ; ಅಲ್ಲಿ ಬೇರೆಯವರಿದ್ದರೆ ಗಂಡ ಹೆಂಡತಿ ಕೂಡ ಬ್ಯಾರಿ ಮಾತಾಡುವುದಿಲ್ಲ. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಲ್ಲಿ 'ಬ್ಯಾರಿ' ಸಿನಿಮಾಕ್ಕೆ ಪಾಲು ಸಿಕ್ಕಿತು. ವೇದಿಕೆಯಲ್ಲಿ ಹೆಮ್ಮೆ ಇದೆ, ಲಿಫ್ಟಿನಲ್ಲಿ ಇಲ್ಲ.

ಕಳೆದ ತಿಂಗಳಿಂದ ತರಗತಿಯ ಕೊನೆಯ ಹತ್ತು ನಿಮಿಷ ಬ್ಯಾರಿಯಲ್ಲೇ ಮಾತು ಅಂತ ಇಟ್ಟಿದ್ದೇನೆ. ಹೆಚ್ಚಿನ ಮನೆಯವರು ಒಪ್ಪಿದರು. ಒಬ್ಬರು ಮಾತ್ರ "ಆ ಹತ್ತು ನಿಮಿಷವೂ ಕುರ್‌ಆನ್ ಓದಿಸಿ ಉಸ್ತಾದ್" ಎಂದರು. ಅವರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.