ಹೊಗೆ ಬಂದ ಪೆಟ್ಟಿಗೆ

“ಸ್ವಾಮಿ, ಪೆಟ್ಟಿಗೆಯಿಂದ ಹೊಗೆ ಬಂದುಬಿಟ್ಟಿತು. ಮಗಳು ಬರುವುದಕ್ಕೆ ಇನ್ನು ಹತ್ತೇ ದಿನ” ಎಂದಷ್ಟೇ ಹೇಳಿ ಹೊಳೆನರಸೀಪುರದ ಮೇಷ್ಟರು ಫೋನಿನಲ್ಲಿ ಮೌನವಾದರು.

ಪೆಟ್ಟಿಗೆಯೆಂದರೆ ಹಣದ ಪೆಟ್ಟಿಗೆಯಲ್ಲ, ಬಿ.ಬಿ.ಸಿ. ಮೈಕ್ರೋ ಎಂಬ ಹಳೆಯ ಕಂಪ್ಯೂಟರು. 1984ರಲ್ಲಿ ಭಾರತ ಸರ್ಕಾರವು ‘ಕ್ಲಾಸ್’ ಯೋಜನೆಯನ್ನಾರಂಭಿಸಿ ಶಾಲೆಗಳಿಗೆ ಹಂಚಿದ್ದು ಈ ಯಂತ್ರವನ್ನೇ. ಅದರ ಸ್ಮರಣಶಕ್ತಿ 32 ಕಿಲೋಬೈಟು. ಇಂದಿನ ಫೋನಿನ ಒಂದು ಚಿತ್ರಕ್ಕೂ ಸಾಲದು. ಬೆಂಗಳೂರಿನ ಶಾಲೆಯೊಂದರಲ್ಲಿ ಅದರ ಮುಂದೆ ಪಾಠ ಹೇಳಿದ ಮೇಷ್ಟರು, ಹರಾಜಿನಲ್ಲಿ ತಾವೇ ಕೂಗಿ ಕೊಂಡು ತಂದಿದ್ದರು. ಜೊತೆಗೊಂದು ಕ್ಯಾಸೆಟ್ಟು. ಹನ್ನೆರಡು ವರ್ಷದ ಮಗಳು 1987ರಲ್ಲಿ ಬರೆದ ಪ್ರೋಗ್ರಾಮು ಅದರಲ್ಲಿತ್ತು. ಅದನ್ನು ಮೊಮ್ಮಗನಿಗೆ ತೋರಿಸಬೇಕೆಂದು ವರ್ಷಗಟ್ಟಲೆ ಅಟ್ಟದಲ್ಲಿದ್ದ ಯಂತ್ರವನ್ನಿಳಿಸಿ ಸ್ವಿಚ್ಚು ಒತ್ತಿದ್ದರು.

ನಾನು ಹೋದಾಗ ಅವರು ಸುಟ್ಟ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಲು ಹೊರಟಿದ್ದರು! ಕೈಹಿಡಿದು ನಿಲ್ಲಿಸಿದೆ. “ಗುಜರಿಗೆ ಹಾಕಿ ಅಂದರೆ ಕೇಳಿದರಲ್ಲವೆ?” ಎಂದು ಅಡಿಗೆಮನೆಯಿಂದ ಅಮ್ಮನವರ ದನಿ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಸನದ ಬಸ್ಸು ಹತ್ತಿದೆವು.

ಅಲ್ಲೊಬ್ಬರು ವೃದ್ಧರು ವಾಲ್ವ್ ರೇಡಿಯೋಗಳ ಕಾಲದಿಂದಲೂ ರಿಪೇರಿ ಮಾಡುತ್ತ ಬಂದವರು. ಮುಚ್ಚಳ ತೆಗೆದೊಡನೆ, “ಕೈ ಹಾಕಬೇಡಿ ಮೇಷ್ಟ್ರೇ” ಎಂದು ಗದರಿದರು. ಮನೆಯ 230 ವೋಲ್ಟು ಒಳಗೆ ನೇರ ವಿದ್ಯುತ್ತಾಗಿ ಸುಮಾರು 325 ವೋಲ್ಟಿನಷ್ಟು ಶೇಖರವಾಗುತ್ತದೆಯಂತೆ. ಪ್ಲಗ್ಗು ಕಿತ್ತರೂ ದೊಡ್ಡ ಕೆಪಾಸಿಟರಿನಲ್ಲಿ ಉಳಿದಿರಬಹುದು. ಹಳೆಯ ಬಲ್ಬೊಂದರ ತಂತಿಗಳನ್ನು ತಾಗಿಸಿ ಅದನ್ನು ಇಳಿಸಿದ ಮೇಲೆಯೇ ಅವರು ಮೀಟರು ಹಿಡಿದದ್ದು.

ಅಪರಾಧಿ ಸಿಕ್ಕಿದ. ಬೆರಳುಗುರಿನಷ್ಟಿದ್ದ ಕಾಗದದ ಕೆಪಾಸಿಟರು, ಮೈಯೆಲ್ಲ ಬಿರುಕು. ಯಂತ್ರದಿಂದ ಹೊರಡುವ ವಿದ್ಯುತ್ ಗಲಾಟೆ ಮನೆಯ ತಂತಿಗೆ ಹರಿಯದಂತೆ ತಡೆಯುವುದು ಅದರ ಕೆಲಸ. ಹೊರಕವಚ ಮುಪ್ಪಿನಿಂದ ಸೀಳಿ, ತೇವ ಹೀರಿದ ಕಾಗದ ಸುಟ್ಟು, ಫ್ಯೂಸನ್ನೂ ಕೊಂಡೊಯ್ದಿತ್ತು. ಇಂಥದಕ್ಕೆ ‘ಎಕ್ಸ್ 2’ ಎಂಬ ಜಾತಿಯದೇ ಬೇಕು. ಚನ್ನರಾಯಪಟ್ಟಣ, ಅರಕಲಗೂಡುಗಳ ಅಂಗಡಿಗಳಲ್ಲಿ ವಿಚಾರಿಸಿದರೆ ಎಲ್ಲರೂ ತೋರಿಸಿದ್ದು ಫ್ಯಾನಿನದನ್ನು! ಕಡೆಗೆ ಬೆಂಗಳೂರಿನಿಂದ ಅಂಚೆಯಲ್ಲಿ ಬರುವ ಹೊತ್ತಿಗೆ ಆರು ದಿನ ಕಳೆದಿತ್ತು.

ಬೆಸುಗೆಯಾದ ಕೂಡಲೆ ಯಂತ್ರಕ್ಕೆ ಜೋಡಿಸಲು ವೃದ್ಧರು ಒಪ್ಪಲಿಲ್ಲ. “ಐದು ವೋಲ್ಟಿನ ಕಡೆ ಹೆಚ್ಚಾಗಿ ಬಂದರೆ ಚಿಪ್ಪುಗಳೆಲ್ಲ ಹೋದವು” ಎಂದರು. ಸರಣಿಯಲ್ಲಿ ಒಂದು ಬಲ್ಬು ಕಟ್ಟಿ, ಭಾರಕ್ಕೆಂದು ಸ್ಕೂಟರಿನ ದೀಪ ಸಿಕ್ಕಿಸಿ ಸ್ವಿಚ್ಚು ಹಾಕಿದರು. ಬಲ್ಬು ಒಮ್ಮೆ ಮಿಂಚಿ ಮಂಕಾಯಿತು. ಅದು ಹಾಗೆಯೇ ಪ್ರಜ್ವಲಿಸಿದ್ದರೆ ಒಳಗೆ ಇನ್ನೊಂದು ದೋಷವಿದೆಯೆಂದು ಅರ್ಥವಂತೆ. ಮೀಟರಿನಲ್ಲಿ ಸರಿಯಾಗಿ ಐದು.

ಯಂತ್ರವು ಒಂದು ಗಡುಸು ದನಿ, ಒಂದು ಕೀರು ದನಿ ಮಾಡಿ ಎದ್ದು ಕುಳಿತಿತು. ಕ್ಯಾಸೆಟ್ಟು ಮಾತ್ರ ಹೊಳೆನರಸೀಪುರದಲ್ಲಿ ಎರಡು ಸಲ ಮೊಂಡು ಹಿಡಿಯಿತು. ಟೇಪ್ ರೆಕಾರ್ಡರಿನ ತಲೆಯನ್ನು ಸ್ಪಿರಿಟ್ಟಿನಿಂದ ಒರೆಸಿದ ಮೇಲೆ, ಮೂರನೆಯ ಸಲಕ್ಕೆ, ಪರದೆಯಲ್ಲಿ ‘ಅಪ್ಪಾ, ಮಗ್ಗಿ ಹೇಳು’ ಎಂದು ಇಂಗ್ಲಿಷ್ ಅಕ್ಷರಗಳು ಮೂಡಿದವು.

ಹದಿನೇಳೆಂಟಲೆ ಎಷ್ಟು? ಮೇಷ್ಟರು ಕನ್ನಡಕ ಒರೆಸಿಕೊಂಡು 126 ಎಂದು ಒತ್ತಿದರು. ಯಂತ್ರ ತಪ್ಪೆಂದಿತು.

“ಒಲೆಯ ಮುಂದೆ ನಿಂತೇ ಹೇಳುತ್ತೇನೆ, ನೂರ ಮೂವತ್ತಾರು!” ಎಂದರು ಅಮ್ಮನವರು, ಸೌಟು ಹಿಡಿದುಕೊಂಡೇ ಹೊರಗೆ ಬಂದು.