ಎರಡು ಊರು, ಎರಡು ಸಂಖ್ಯೆ

ಶಿವಮೊಗ್ಗದ ಪ್ರಧಾನ ಅಂಚೆ ಕಚೇರಿಯ ಪಿನ್ ಕೋಡ್ 577201, ಭದ್ರಾವತಿಯದು 577301. ಈ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ಲಕೋಟೆಯ ಮೇಲೆ ಬರೆದು ಮರೆಯುವ ಈ ಅಂಕಿಗಳು ಪೂರ್ಣಾಂಕಗಳೂ ಹೌದಷ್ಟೆ. ಇವೆರಡನ್ನೂ ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಯುಂಟೆ?

ವಿದ್ಯಾರ್ಥಿಗಳು ಕೂಡಲೇ ಯಂತ್ರಕ್ಕೆ ಕೈಹಾಕುವುದು ನಮಗೆ ಒಪ್ಪಿಗೆಯಿಲ್ಲ. ಎರಡನ್ನೂ ಭಾಗಿಸುವ ಸಂಖ್ಯೆಯು ಅವುಗಳ ವ್ಯತ್ಯಾಸವಾದ 100ನ್ನೂ ಭಾಗಿಸಲೇಬೇಕು. 100ರ ಅವಿಭಾಜ್ಯ ಅಪವರ್ತನಗಳು 2 ಮತ್ತು 5 ಮಾತ್ರ. 1ರಲ್ಲಿ ಕೊನೆಗೊಳ್ಳುವ ಸಂಖ್ಯೆಯನ್ನು ಇವು ಭಾಗಿಸಲಾರವು. ಆದುದರಿಂದ 1ರ ಹೊರತು ಸಾಮಾನ್ಯ ಭಾಜಕವಿಲ್ಲ. ಮ.ಸಾ.ಅ. ಕ್ರಮವನ್ನು ಬಾಯಿಪಾಠ ಮಾಡಿದವರಿಗೂ ಯೂಕ್ಲಿಡನ ಈ ಯುಕ್ತಿ ಹೊಳೆಯದಿರುವುದುಂಟು!

ಒಂದೊಂದನ್ನೇ ಬಿಡಿಸುವುದಾದರೋ ಶ್ರಮದ ಕೆಲಸ.

577201 = 17 × 19 × 1787
577301 = 47 × 71 × 173

ಇಲ್ಲಿರುವ ಅಪವರ್ತನಗಳೆಲ್ಲವೂ ಅವಿಭಾಜ್ಯಗಳೇ. ಗುಣಿಸಿ ತಾಳೆನೋಡಲು ನಿಮಿಷ ಸಾಕು. ಹುಡುಕಲು ಒಂದು ಸಂಜೆಯೇ ಬೇಕಾದೀತು. ಈ ತಾರತಮ್ಯವನ್ನೇ ನೆಚ್ಚಿ 1977ರಲ್ಲಿ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಎಂಬ ಮೂವರು ಗೂಢಲಿಪಿಯೊಂದನ್ನು ರಚಿಸಿದರು. ಅಲ್ಲಿಯ ಸಂಖ್ಯೆಗಳಿಗೆ ಆರಲ್ಲ, ನೂರಾರು ಅಂಕಿಗಳು. 250 ಅಂಕಿಗಳ ಅಂತಹ ಸಂಖ್ಯೆಯೊಂದು 2020ರಲ್ಲಿ ಬಿಡಿಸಲ್ಪಟ್ಟಿತು. ಅದಕ್ಕಾಗಿ ಸಾವಿರಾರು ಗಣಕಯಂತ್ರಗಳು ತಿಂಗಳುಗಟ್ಟಲೆ ದುಡಿದಿದ್ದವು.